ಬಲಗೈಯ ಕೆಲಸ ಕಡ್ಡಿಗೆ

ಒಂದು ಕಾಲದಲ್ಲಿ ಡ್ರೈವರಿನ ಬಲಗೈಗೆ ಐದು ಮಾತು ಬರುತ್ತಿತ್ತು. ಕಿಟಕಿಯಿಂದ ಕೈಯನ್ನು ನೇರವಾಗಿ ಹೊರಚಾಚಿ ಅಂಗೈಯನ್ನು ಮುಂದಕ್ಕೆ ಹಿಡಿದರೆ ‘ಬಲಕ್ಕೆ ತಿರುಗುತ್ತೇನೆ’. ಚಾಚಿದ ಕೈಯನ್ನು ಅಪ್ರದಕ್ಷಿಣವಾಗಿ ಸುತ್ತಿಸಿದರೆ ‘ಎಡಕ್ಕೆ’. ಎಡಗೈ ಕಾರಿನೊಳಗೇ ಮರೆಯಾಗುವುದರಿಂದ ಎಡದ ಮಾತನ್ನೂ ಬಲಗೈಯೇ ಆಡಬೇಕಿತ್ತು. ಅಂಗೈಯನ್ನು ನೆಲದ ಕಡೆಗೆ ಮಾಡಿ ಮೇಲೆ ಕೆಳಗೆ ಆಡಿಸಿದರೆ ‘ನಿಧಾನ ಮಾಡುತ್ತಿದ್ದೇನೆ’. ಮುಂಗೈಯನ್ನು ಮೇಲಕ್ಕೆತ್ತಿ ಹಿಡಿದರೆ ‘ನಿಲ್ಲಿಸುತ್ತಿದ್ದೇನೆ’. ಕೈಯನ್ನು ಹಿಂದಕ್ಕೂ ಮುಂದಕ್ಕೂ ಅರ್ಧ ಚಕ್ರದಂತೆ ಬೀಸಿದರೆ ‘ನೀವು ಮುಂದೆ ಹೋಗಿ’. 1989ರ ರಸ್ತೆ ನಿಯಮಗಳಲ್ಲೂ ಈ ಐದು ಸನ್ನೆಗಳಿದ್ದವು. ಆ ಹೊತ್ತಿಗೆ ಮಾರುತಿ 800 ರಸ್ತೆಗಿಳಿದು ಐದಾರು ವರ್ಷವಾಗಿತ್ತು.

ಈ ಐದರಲ್ಲಿ ಎರಡನ್ನು ಸ್ಟಿಯರಿಂಗ್ ಕಾಲಮ್ಮಿನ ಮೇಲೆ ಕೂತ ಒಂದು ಪುಟ್ಟ ಸ್ವಿಚ್ಚು ವಹಿಸಿಕೊಂಡಿತು. ನಿಧಾನ ಮಾಡುವುದು, ನಿಲ್ಲಿಸುವುದು ಎರಡೂ ಒಂದಾಗಿ ಬ್ರೇಕ್ ಲೈಟಿನ ಪಾಲಾದವು. ಐದನೆಯ ಮಾತು ಯಾರ ಪಾಲಿಗೂ ಬರಲಿಲ್ಲ. ಅದರ ಕಥೆ ಆಮೇಲೆ. ಈ ಸಲದ ಪ್ರಬಂಧ ಆ ಪುಟ್ಟ ಸ್ವಿಚ್ಚಿನ ಬಗ್ಗೆ: ಅದು ಕಾಲಮ್ಮಿನ ಮೇಲೆ ಹೇಗೆ ಬಂತು, ಮದರಾಸಿನಲ್ಲಿ ತಯಾರಾದ ಕಾರುಗಳಲ್ಲಿ ಅದರ ಸ್ಥಿತಿ ಏನಾಯಿತು, ಮತ್ತು ಅದು ಕೆಟ್ಟಾಗ ಈ ಊರಿನ ಹಳೆಯ ಎಲೆಕ್ಟ್ರಿಷಿಯನ್ನುಗಳು ಅದನ್ನೊಂದು ಬಿಟ್ಟು ಉಳಿದದ್ದನ್ನೆಲ್ಲ ಮೊದಲು ನೋಡುವುದು ಯಾಕೆ.

ಕೈಯ ಕೆಲಸವನ್ನು ವಿದ್ಯುತ್ತಿಗೆ ವಹಿಸಿದ ಮೊದಲ ಏರ್ಪಾಡು ಕೈಯನ್ನೇ ನಕಲು ಮಾಡಿತು. ಬ್ರಿಟಿಷ್ ಕಾರುಗಳಲ್ಲಿ 1930ರ ದಶಕದಿಂದ ಕಾಣಿಸಿಕೊಂಡ ಟ್ರಾಫಿಕೇಟರ್ ಎಂಬುದು ಕಾರಿನ ಪಕ್ಕದ ಕಂಬದೊಳಗೆ ಮಡಚಿಕೊಂಡು ಮಲಗಿರುವ ಒಂದು ತೋಳು. ಸ್ವಿಚ್ ಹಾಕಿದರೆ ಒಳಗಿನ ವಿದ್ಯುತ್ಕಾಂತ ಎಳೆದು ತೋಳು ಹೊರಕ್ಕೆ ಏಳುತ್ತದೆ, ಅದರೊಳಗೊಂದು ಸಣ್ಣ ಬಲ್ಬು ಹೊತ್ತಿಕೊಳ್ಳುತ್ತದೆ. ರೈಲು ಹಳಿಯ ಪಕ್ಕದ ಕೈಮರವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರಕ್ಕೆ ಕೈ ಬಂದರೆ ಕೈಮರ. ಕಾರಿಗೆ ಕೈ ಬಂದದ್ದಕ್ಕೆ ಕನ್ನಡದಲ್ಲಿ ಹೆಸರು ಹುಟ್ಟುವ ಮೊದಲೇ ಆ ಕೈ ಹೋಗಿಬಿಟ್ಟಿತು. ಮಾರಿಸ್ ಮೈನರ್ ಕಾರಿನಲ್ಲಿ ಇಂಗ್ಲೆಂಡಿನಲ್ಲೇ 1961ರವರೆಗೂ ಟ್ರಾಫಿಕೇಟರ್ ಇತ್ತು. ತುಕ್ಕು ಹಿಡಿದು ತೋಳು ಏಳದಿದ್ದಾಗ ಒಳಗಿನಿಂದ ಕಂಬಕ್ಕೊಂದು ಗುದ್ದು ಕೊಡುವುದು ಆ ಕಾರುಗಳ ಮಾಲೀಕರಿಗೆ ಅಭ್ಯಾಸವಾಗಿತ್ತು.

ಆ ತೋಳಿನ ಸ್ವಿಚ್ಚನ್ನು ಅನೇಕ ಕಾರುಗಳಲ್ಲಿ ಸ್ಟಿಯರಿಂಗ್ ಚಕ್ರದ ನಟ್ಟನಡುವೆ, ಹಾರ್ನಿನ ಪಕ್ಕದಲ್ಲೇ ಇಟ್ಟಿದ್ದರು. ಬೆರಳಿಗೆ ಹತ್ತಿರವೇನೋ ಹೌದು. ಆದರೆ ಇಲ್ಲೊಂದು ಗಂಟಿದೆ. ಚಕ್ರ ತಿರುಗುತ್ತದೆ, ವೈರು ತಿರುಗುವಂತಿಲ್ಲ, ತಿರುಗಿದರೆ ಹುರಿಯಾಗಿ ಕಿತ್ತುಹೋಗುತ್ತದೆ. ಅದಕ್ಕಾಗಿ ಕಾಲಮ್ಮಿನ ಟೊಳ್ಳಿನೊಳಗೆ, ಚಕ್ರದ ಜೊತೆ ತಿರುಗದ ಇನ್ನೊಂದು ತೆಳು ಕೊಳವೆಯನ್ನು ಮೇಲಿನವರೆಗೂ ತೂರಿಸಿ, ಅದರೊಳಗೆ ವೈರುಗಳನ್ನು ಹಾಯಿಸುತ್ತಿದ್ದರು. ರಿಪೇರಿಗೆ ಕೆಳಗಿನಿಂದ ಮೇಲಿನವರೆಗೆ ಎಲ್ಲ ಎಳೆಯಬೇಕು. ತಿರುಗುವ ವಸ್ತುವಿನ ಪಕ್ಕದಲ್ಲಿ ತಿರುಗದ ವೈರನ್ನು ಹೇಗೆ ಬದುಕಿಸುವುದು ಎಂಬುದೇ ಕಾಲಮ್ ಸ್ವಿಚ್ಚಿನ ಇಡೀ ಚರಿತ್ರೆ ಎಂದರೂ ತಪ್ಪಿಲ್ಲ.

ಮಿನುಗುವ ದೀಪ ಬಂದ ಮೇಲೆ ಗಂಟು ಸ್ವಲ್ಪ ಸಡಿಲವಾಯಿತು. ಅಮೆರಿಕದ ಬ್ಯೂಯಿಕ್ 1939ರ ತನ್ನ ಕಾರುಗಳಲ್ಲಿ ಮಿನುಗುವ ದೀಪಗಳನ್ನು ಕಾರ್ಖಾನೆಯಿಂದಲೇ ಕೂಡಿಸಿ ಕೊಟ್ಟಿತು. ಬ್ರಿಟಿಷ್ ಕಾರುಗಳಿಗೆ ಅದು ಹರಡಿದ್ದು 1950ರ ದಶಕದಲ್ಲಿ. ಸ್ವಿಚ್ಚು ಚಕ್ರದ ಮಧ್ಯದಿಂದ ಇಳಿದು ಕಾಲಮ್ಮಿನ ಹೊರಕವಚಕ್ಕೆ ಬಂತು. ಅಲ್ಲಿಂದ ಕಡ್ಡಿಯೊಂದು ಹೊರಚಾಚಿತು. ಕವಚ ತಿರುಗುವುದಿಲ್ಲ, ಹಾಗಾಗಿ ವೈರಿಗೆ ನೆಮ್ಮದಿ. ಆದರೆ ತಿರುವು ಮುಗಿದ ಮೇಲೆ ಕಡ್ಡಿ ತಾನೇ ಮಧ್ಯಕ್ಕೆ ಮರಳಬೇಕಲ್ಲ? ಅದನ್ನು ಹೇಳಬೇಕಾದದ್ದು ತಿರುಗುವ ದಂಡವೇ. ದಂಡಕ್ಕೊಂದು ಪುಟ್ಟ ಗೂಟ, ಸ್ವಿಚ್ಚಿಗೊಂದು ನಾಲಗೆ. ಬಲಕ್ಕೆ ತಿರುಗುವಾಗ ಗೂಟ ನಾಲಗೆಯನ್ನು ಸವರಿಕೊಂಡು ಸುಮ್ಮನೆ ಹೋಗುತ್ತದೆ. ಚಕ್ರ ವಾಪಸು ಬರುವಾಗ ಅದೇ ಗೂಟ ನಾಲಗೆಯನ್ನು ಹಿಂದಿನಿಂದ ತಳ್ಳಿ ಕಡ್ಡಿಯನ್ನು ಬೀಳಿಸುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಜಾಗದಲ್ಲಿ ವಿದ್ಯುತ್ತಿನ ಕೆಲಸವೂ ಬಾಗಿಲ ಚಿಲಕದ ಕೆಲಸವೂ ಒಟ್ಟಿಗೆ. ಕೆಡುವುದಕ್ಕೆ ಇಷ್ಟು ಸಾಕು.

ಈಗ ಮದರಾಸಿಗೆ ಬರೋಣ. 1948ರಲ್ಲಿ ಶುರುವಾದ ಅಶೋಕ್ ಮೋಟಾರ್ಸ್ ಎನ್ನೂರಿನಲ್ಲಿ ಆಸ್ಟಿನ್ ಎ40 ಕಾರುಗಳನ್ನು ಜೋಡಿಸುತ್ತಿತ್ತು. ಅದೇ ಮುಂದೆ ಅಶೋಕ್ ಲೇಲ್ಯಾಂಡ್ ಆಯಿತು. ಊರಿನ ಇನ್ನೊಂದು ತುದಿಯಲ್ಲಿ, ತಾಂಬರಂ ದಾಟಿದ ಮೇಲೆ ವಂಡಲೂರು–ಪೆರುಂಗಳತ್ತೂರಿನ ಕಡೆ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್. ಅದು ಮೊದಲು ವ್ಯಾನ್‌ಗಾರ್ಡ್, ಆಮೇಲೆ ಸ್ಟ್ಯಾಂಡರ್ಡ್ ಟೆನ್, 1961ರಿಂದ ಹೆರಾಲ್ಡ್ ಕಾರುಗಳನ್ನು ತಯಾರಿಸಿತು. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂದು ಹೊರಬಂದ ಕಾರದು, ಇಟಲಿಯ ಮಿಕೆಲೊಟ್ಟಿಯ ವಿನ್ಯಾಸ. ಇಲ್ಲಿ ಅದಕ್ಕೆ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದು ಹೆಸರು. ಹೆರಾಲ್ಡ್ ಎಂದರೆ ಸುದ್ದಿ ಸಾರುವವನು, ಡಂಗುರದವನು. 948 ಸಿಸಿ ಎಂಜಿನ್ನು, ಮುಂಭಾಗದ ಇಡೀ ಬಾನೆಟ್ಟು ಮೊಸಳೆ ಬಾಯಿಯಂತೆ ಮುಂದಕ್ಕೆ ತೆರೆದುಕೊಳ್ಳುವ ಕಾರು. ಇಂಗ್ಲೆಂಡಿನಲ್ಲಿ ಇಲ್ಲದ ನಾಲ್ಕು ಬಾಗಿಲಿನ ಹೆರಾಲ್ಡನ್ನು ಮದರಾಸು ತಾನೇ ಮಾಡಿಕೊಂಡಿತು. ನಮ್ಮ ಕೂಡು ಕುಟುಂಬಗಳಿಗೆ ಎರಡು ಬಾಗಿಲು ಸಾಲುತ್ತಿರಲಿಲ್ಲ.

ಆ ಕಾಲದ ನೀತಿ ಕಟುವಾಗಿತ್ತು. 1953ರಲ್ಲಿ ಸುಂಕ ಆಯೋಗ, ಬರೀ ಜೋಡಿಸುವ ಕಂಪನಿಗಳು ಬೇಡ, ಇಲ್ಲೇ ತಯಾರಿಸುವ ಯೋಜನೆ ಇದ್ದವರು ಉಳಿಯಲಿ ಎಂದಿತು. ಫೋರ್ಡ್, ಜನರಲ್ ಮೋಟಾರ್ಸ್ ಬಾಗಿಲು ಹಾಕಿಕೊಂಡು ಹೋದವು. ಉಳಿದವರು ವರ್ಷದಿಂದ ವರ್ಷಕ್ಕೆ ಹೊರದೇಶದ ಭಾಗಗಳನ್ನು ಕಡಿಮೆ ಮಾಡಿಕೊಂಡು ಬರಬೇಕು. ನಾವು ಈ ಚರಿತ್ರೆಯನ್ನು ಎಂಜಿನ್ನು, ಗೇರ್‌ಬಾಕ್ಸು, ಬಾಡಿಗಳ ಲೆಕ್ಕದಲ್ಲಿ ಓದುತ್ತೇವೆ. ನನಗೆ ಕುತೂಹಲ ಇರುವುದು ಸಣ್ಣ ಸಾಮಾನಿನಲ್ಲಿ. ಒಂದು ಇಂಡಿಕೇಟರ್ ಸ್ವಿಚ್ಚಿಗೆ ಅಚ್ಚೊತ್ತಿದ ಪ್ಲಾಸ್ಟಿಕ್ ಬೇಕು, ಹಿತ್ತಾಳೆಯ ಪಟ್ಟಿ ಬೇಕು, ಕೂದಲಿನಷ್ಟು ತೆಳುವಾದ ಸ್ಪ್ರಿಂಗು ಬೇಕು, ನಿಖರವಾದ ರಿವೆಟ್ಟು ಬೇಕು, ಸುಟ್ಟುಹೋಗದ ಕಾಂಟ್ಯಾಕ್ಟು ಬೇಕು. ಐದು ಬೇರೆ ಬೇರೆ ಕಸುಬು. ಇವೆಲ್ಲ ಊರಿನಲ್ಲಿ ಇದ್ದರೆ ಮಾತ್ರ ಆ ಸ್ವಿಚ್ಚು ಊರಿನದು.

ಆ ಕಸುಬುಗಳು ಬಂದು ಸೇರಿದ ಜಾಗ ಪಾಡಿ. ಟಿವಿಎಸ್ ಬಳಗ ಮತ್ತು ಬರ್ಮಿಂಗ್‌ಹ್ಯಾಮಿನ ಲೂಕಾಸ್ ಸೇರಿ 1961ರಲ್ಲಿ ಲೂಕಾಸ್-ಟಿವಿಎಸ್ ಕಟ್ಟಿದರು: ಡೈನಮೊ, ಸ್ಟಾರ್ಟರ್ ಮೋಟಾರು, ಡಿಸ್ಟ್ರಿಬ್ಯೂಟರು, ವೈಪರ್ ಮೋಟಾರು ಮುಂತಾದ ವಾಹನದ ವಿದ್ಯುತ್ ಭಾಗಗಳಿಗಾಗಿ. ಆಸುಪಾಸಿನಲ್ಲೇ ವೀಲ್ಸ್ ಇಂಡಿಯಾ, ಬ್ರೇಕ್ಸ್ ಇಂಡಿಯಾ, ಸುಂದರಂ ಕ್ಲೇಟನ್. ಬೆಂಗಳೂರಿಗೆ ಹತ್ತು ವರ್ಷ ಮೊದಲೇ, 1951ರಲ್ಲಿ, ಜರ್ಮನಿಯ ಬಾಷ್ ಜೊತೆಗೆ ಮೈಕೊ ಬಂದಿತ್ತು. ಆಡುಗೋಡಿಗೆ ಜರ್ಮನಿ, ಪಾಡಿಗೆ ಇಂಗ್ಲೆಂಡು. ಇದು ಬರೀ ಕಂಪನಿಗಳ ಮಾತಲ್ಲ, ಎರಡು ಲಿಪಿಗಳ ಮಾತು ಕೂಡ.

ಜರ್ಮನ್ನರು ವೈರಿನ ತುದಿಗೆ ಅಂಕಿ ಕೊಟ್ಟರು. 30 ಎಂದರೆ ಬ್ಯಾಟರಿಯಿಂದ ನೇರ ಬರುವುದು, 15 ಎಂದರೆ ಚಾವಿ ತಿರುಗಿಸಿದ ಮೇಲೆ ಬರುವುದು, 31 ಅರ್ಥ್, 49 ಫ್ಲಾಶರಿನ ಒಳಹರಿವು, 49ಎ ಹೊರಹರಿವು. ಬ್ರಿಟಿಷರು ವೈರಿಗೆ ಬಣ್ಣ ಕೊಟ್ಟರು. ಕಂದು ಎಂದರೆ ಬ್ಯಾಟರಿ, ಬಿಳಿ ಎಂದರೆ ಚಾವಿಯ ನಂತರದ್ದು, ಹಸಿರು ಎಂದರೆ ಚಾವಿಯ ನಂತರ ಫ್ಯೂಸನ್ನೂ ದಾಟಿ ಬಂದದ್ದು, ಕಪ್ಪು ಎಂದರೆ ಅರ್ಥ್, ನೇರಳೆ ಹಾರ್ನಿನ ಕಡೆಯದು, ನೀಲಿ ಹೆಡ್‌ಲೈಟು, ಕೆಂಪು ಸಣ್ಣ ಲೈಟು. ಮೂಲ ಬಣ್ಣದ ಮೇಲೆ ಇನ್ನೊಂದು ಬಣ್ಣದ ತೆಳು ಗೆರೆ ಎಳೆದರೆ ಅರ್ಥ ಇನ್ನಷ್ಟು ಕಿರಿದಾಗುತ್ತದೆ. ಹಸಿರಿನ ಮೇಲೆ ಕೆಂಪು ಗೆರೆ ಎಡದ ಇಂಡಿಕೇಟರು, ಹಸಿರಿನ ಮೇಲೆ ಬಿಳಿ ಗೆರೆ ಬಲದ್ದು. ತಿಳಿಹಸಿರಿನ ಮೇಲೆ ಕಂದು ಗೆರೆ ಫ್ಲಾಶರಿನಿಂದ ಸ್ವಿಚ್ಚಿಗೆ ಬರುವುದು. ನೀಲಿ-ಬಿಳಿ ಹೈ ಬೀಮ್, ನೀಲಿ-ಕೆಂಪು ಡಿಮ್. ಶಾಲೆಯಲ್ಲಿ ಕಲಿತ ಪ್ರಕೃತಿ–ಪ್ರತ್ಯಯ ನೆನಪಿದ್ದರೆ ಇದು ಅದೇ. ಮೂಲ ಬಣ್ಣ ಪ್ರಕೃತಿ, ಗೆರೆ ಪ್ರತ್ಯಯ. ಪ್ರಕೃತಿ ಗೊತ್ತಿದ್ದವನಿಗೆ ಹಿಂದೆಂದೂ ನೋಡದ ವೈರು ಕೂಡ ಅರ್ಧ ಅರ್ಥವಾಗುತ್ತದೆ.

ಇದು ನನಗೆ ಗೊತ್ತಾದದ್ದು ಕಸುಬಿನ ದೆಸೆಯಿಂದ. ನಮ್ಮ ಪಕ್ಕದ ಬೀದಿಯ ನಿವೃತ್ತ ಮೇಷ್ಟರೊಬ್ಬರ ಬಳಿ ನಾಲ್ಕು ಬಾಗಿಲಿನ ಹೆರಾಲ್ಡ್ ಇದೆ. ಅದನ್ನು ನೋಡಿಕೊಳ್ಳುವ ಎಲೆಕ್ಟ್ರಿಷಿಯನ್ ಹೊಸೂರು ಕಡೆಯವರು, ಅರವತ್ತು ದಾಟಿದವರು. ಮನೆಯ ಮಾತು ಕನ್ನಡ, ಓದಿದ್ದು ತಮಿಳು ಲಿಪಿ ಮಾತ್ರ. ವೈರಿಂಗ್ ನಕ್ಷೆಯ ಇಂಗ್ಲಿಷ್ ಸಂಕೇತಗಳನ್ನೆಲ್ಲ ಅವರಿಗೆ ಆಗುವಂತೆ ಬರೆದುಕೊಡಿ ಎಂದು ಮೇಷ್ಟರು ಕೇಳಿದರು. ಎರಡು ಸಂಜೆ ಕೂತು ತಮಿಳು ಲಿಪಿಯಲ್ಲಿ ಪಟ್ಟಿ ಮಾಡಿದೆ. ಎಲೆಕ್ಟ್ರಿಷಿಯನ್ ಅದನ್ನು ಗೌರವದಿಂದ ನೋಡಿ, ಮಡಚಿ ಜೇಬಿಗಿಟ್ಟುಕೊಂಡು, ಮತ್ತೆ ತೆಗೆಯಲೇ ಇಲ್ಲ. ಅವರಿಗೆ ಬಣ್ಣ ಓದಲು ಬರುತ್ತಿತ್ತು. ಓದಲು ಬಾರದ್ದು ನನ್ನ ಪಟ್ಟಿಯಲ್ಲೂ ಇರಲಿಲ್ಲ. ಅರವತ್ತು ವರ್ಷದ ಬಿಸಿಗೆ, ಎಣ್ಣೆಗೆ ಎಲ್ಲ ಬಣ್ಣಗಳೂ ಒಂದೇ ಥರದ ಮಣ್ಣು ಬಣ್ಣಕ್ಕೆ ತಿರುಗಿದ್ದವು. ನಡುವೆ ಯಾರೋ ಯಾವಾಗಲೋ ಸಿಕ್ಕಿದ ವೈರಿನ ತುಂಡು ಸೇರಿಸಿದ್ದರು. ಹಸಿರಾಗಿ ಹೊರಟದ್ದು ಹಳದಿಯಾಗಿ ಮುಂದುವರಿದು ಕೆಂಪಾಗಿ ಮುಟ್ಟುತ್ತಿತ್ತು. ಹಳಗನ್ನಡದ ತಾಳೆಗರಿಯಲ್ಲಿ ಲಿಪಿಕಾರನ ತಪ್ಪುಗಳು ಸೇರಿಕೊಂಡ ಹಾಗೆ.

“ಮೊದಲು ಸ್ವಿಚ್ ಬಿಚ್ಚಿ ನೋಡೋದಲ್ವಾ ಅಣ್ಣಾ?” ಎಂದು ಕೇಳಿದೆ. ಇಂಡಿಕೇಟರು ಹತ್ತುತ್ತಿಲ್ಲವೆಂದರೆ ಇಂಡಿಕೇಟರ್ ಸ್ವಿಚ್ಚು ತಾನೇ.

“ಸ್ವಿಚ್ಚು ಕೊನೆಗಮ್ಮಾ,” ಎಂದರು. “ಅದನ್ನ ಒಂದ್ಸಲ ಬಿಚ್ಚಿದ್ರೆ ಮೊದಲಿನಂಗೆ ಕೂರಲ್ಲ.”

ಅವರು ಮಾಡಿದ್ದನ್ನು ಇಲ್ಲಿ ಬರೆಯುತ್ತೇನೆ. ನಿಮ್ಮ ಮನೆಯಲ್ಲಿ ಇಂಥ ಕಾರಿದ್ದರೆ ಉಪಯೋಗವಾದೀತು. ಕಾರಿಲ್ಲದವರಿಗೂ ಇದು ಒಂದು ಒಳ್ಳೆಯ ತರ್ಕ.

ಮೊದಲ ಪ್ರಶ್ನೆ: ಎರಡೂ ಕಡೆ ಸತ್ತಿದೆಯೋ, ಒಂದೇ ಕಡೆಯೋ? ಎರಡೂ ಕಡೆ ಸತ್ತಿದ್ದರೆ ತಪ್ಪು ಸ್ವಿಚ್ಚಿಗಿಂತ ಹಿಂದೆ ಇರುವ ಸಂಭವವೇ ಹೆಚ್ಚು, ಯಾಕೆಂದರೆ ಎಡ ಬಲದ ಕಾಂಟ್ಯಾಕ್ಟುಗಳು ಒಂದೇ ದಿನ ಒಟ್ಟಿಗೆ ಸಾಯುವುದು ಅಪರೂಪ. ಹಾಗಾದರೆ ಅದೇ ಹಸಿರು ದಾರಿಯಲ್ಲಿರುವ ಬೇರೆಯವು ಏನು ಮಾಡುತ್ತಿವೆ? ಬ್ರೇಕ್ ಲೈಟು ಹತ್ತುತ್ತಿದೆಯೇ? ಪೆಟ್ರೋಲ್ ಮುಳ್ಳು ಏಳುತ್ತಿದೆಯೇ? ಏಳುತ್ತಿದ್ದರೆ ಅಲ್ಲಿಯವರೆಗೆ ಕರೆಂಟು ಬಂದಿದೆ. ಆ ಕಾಲದ ಸಣ್ಣ ಬ್ರಿಟಿಷ್ ಕಾರುಗಳಲ್ಲಿ ಒಟ್ಟು ಎರಡು ಫ್ಯೂಸಿದ್ದರೆ ಹೆಚ್ಚು, ಆದ್ದರಿಂದ ಹುಡುಕಾಟ ದೊಡ್ಡದಲ್ಲ.

ಆಮೇಲೆ ಫ್ಲಾಶರು. ಡ್ಯಾಶಿನ ಹಿಂದೆ ಸಿಕ್ಕಿಸಿರುವ ಹೆಬ್ಬೆರಳಿನಷ್ಟು ದಪ್ಪದ ತಗಡಿನ ಡಬ್ಬಿ ಅದು. ಒಳಗೊಂದು ತೆಳು ತಂತಿ. ಕರೆಂಟು ಹರಿದು ತಂತಿ ಬಿಸಿಯಾಗಿ ಉದ್ದವಾದರೆ ಕಾಂಟ್ಯಾಕ್ಟು ಕೂಡಿ ದೀಪ ಹೊತ್ತುತ್ತದೆ. ತಂತಿ ತಣ್ಣಗಾಗಿ ಗಿಡ್ಡವಾದರೆ ದೀಪ ಆರುತ್ತದೆ. ಟಿಕ್ ಟಿಕ್ ಎನ್ನುವುದು ಆ ಡಬ್ಬಿಯ ಉಸಿರಾಟ. ನಿಯಮದ ಪ್ರಕಾರ ನಿಮಿಷಕ್ಕೆ 60ರಿಂದ 120 ಸಲ. ಈ ಡಬ್ಬಿಗೆ ತನ್ನ ಮುಂದೆ ಎರಡು ಬಲ್ಬು ಇವೆ, ತಲಾ 21 ವ್ಯಾಟ್ ಎಂಬ ನಂಬಿಕೆ. 12 ವೋಲ್ಟಿಗೆ ಮೂರೂವರೆ ಆಂಪಿಯರ್. ಒಂದು ಬಲ್ಬು ಹೋದರೆ ಕರೆಂಟು ಅರ್ಧವಾಗಿ ಲಯ ತಪ್ಪುತ್ತದೆ. ಹುರುಪಿನಿಂದ ಎಲ್‌ಇಡಿ ಬಲ್ಬು ಹಾಕಿಸಿದವರ ಹಳೆಯ ಕಾರುಗಳಲ್ಲಿ ಇಂಡಿಕೇಟರು ಮಿನುಗದೆ ಇರುವುದು ಇದಕ್ಕೇ: ತಂತಿ ಬಿಸಿಯಾಗುವಷ್ಟು ಕರೆಂಟನ್ನು ಎಲ್‌ಇಡಿ ಕುಡಿಯುವುದೇ ಇಲ್ಲ. ಆಮೇಲೆ ಬಯ್ಯಿಸಿಕೊಳ್ಳುವುದು ಕಡ್ಡಿ. ಡಬ್ಬಿಯನ್ನು ಪರೀಕ್ಷಿಸಲು ಅದರ ಒಳಹರಿವು ಹೊರಹರಿವುಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ ಕಡ್ಡಿ ಹಾಕಬೇಕು. ದೀಪ ಮಿನುಗದೆ ಸುಮ್ಮನೆ ಹೊತ್ತಿಕೊಂಡರೆ ಸ್ವಿಚ್ಚು ಚೆನ್ನಾಗಿದೆ, ಡಬ್ಬಿ ಸತ್ತಿದೆ.

ಒಂದೇ ಕಡೆ ಸತ್ತಿದ್ದರೆ? ಆಗಲೂ ಸ್ಟಿಯರಿಂಗ್ ಚಕ್ರ ತೆಗೆಯಬೇಕಾಗಿಲ್ಲ. ಕಾಲಮ್ಮಿನಿಂದ ಇಳಿದ ವೈರುಗಳು ಡ್ಯಾಶಿನ ಕೆಳಗೆ ಗುಂಡಿನಾಕಾರದ ಪುಟ್ಟ ಕನೆಕ್ಟರುಗಳಲ್ಲಿ ಕೂಡುತ್ತವೆ. ಅಲ್ಲಿ ತಿಳಿಹಸಿರು-ಕಂದನ್ನು ಬಿಡಿಸಿ ನೇರವಾಗಿ ಹಸಿರು-ಕೆಂಪಿಗೆ ಮುಟ್ಟಿಸಿದರೆ, ಸ್ವಿಚ್ಚನ್ನು ದಾಟಿ ಹೋದ ಹಾಗಾಯಿತು. ಎಡದ ದೀಪಗಳು ಮಿನುಗಿದರೆ ತಪ್ಪು ಸ್ವಿಚ್ಚಿನದು. ಮಿನುಗದಿದ್ದರೆ ತಪ್ಪು ಮುಂದಿನದು. ಹತ್ತು ನಿಮಿಷದ ಕೆಲಸ.

ಮುಂದಿನದು ಎಂದರೆ ಬಹುಮಟ್ಟಿಗೆ ಕನೆಕ್ಟರು, ಇಲ್ಲವೇ ಅರ್ಥ್. ಚೆನ್ನೈನಲ್ಲಿ ಕನೆಕ್ಟರಿನ ಶತ್ರು ಯಾರೆಂದು ಹೇಳಬೇಕೆ? ಬೆಸೆಂಟ್ ನಗರದಲ್ಲಿ ಕಿಟಕಿಯ ಸರಳನ್ನು ತಿನ್ನುವ ಉಪ್ಪುಗಾಳಿ ಹಿತ್ತಾಳೆಯ ಗುಂಡನ್ನು ಬಿಟ್ಟೀತೆ? ಹಸಿರು ಪುಡಿ ಕಟ್ಟುತ್ತದೆ. 2015ರ ಡಿಸೆಂಬರಿನ ಪ್ರವಾಹದಲ್ಲಿ ಮುಳುಗಿ ಎದ್ದ ಕಾರುಗಳಿಗಂತೂ ಹೇಳುವುದೇ ಬೇಡ. ಎಮರಿ ಹಾಳೆಯಲ್ಲಿ ಉಜ್ಜಿ, ಸ್ವಲ್ಪ ವ್ಯಾಸಲೀನ್ ಸವರಿ ಸಿಕ್ಕಿಸಿದರೆ ಅರ್ಧ ಕಾಯಿಲೆ ವಾಸಿ.

ಇನ್ನು ಅರ್ಥ್. ಬಲ್ಬಿನೊಳಗೆ ಹೋದ ಕರೆಂಟು ಕಾರಿನ ಕಬ್ಬಿಣದ ಮೈಯ ಮೂಲಕ ಬ್ಯಾಟರಿಗೆ ಮರಳಬೇಕು. ಆ ದಾರಿಯಲ್ಲಿ ತುಕ್ಕೋ ಹೊಸ ಪೇಂಟೋ ಅಡ್ಡ ಬಂದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ, ಪಕ್ಕದ ಬಲ್ಬಿನ ಒಳಗಿಂದ ನುಸುಳುತ್ತದೆ. ಆಗ ಇಂಡಿಕೇಟರು ಹಾಕಿದರೆ ಪಾರ್ಕಿಂಗ್ ಲೈಟು ಕಣ್ಣು ಮಿಟುಕಿಸುತ್ತದೆ, ಬ್ರೇಕು ತುಳಿದರೆ ಇಂಡಿಕೇಟರು ನಿಂತುಹೋಗುತ್ತದೆ. ನೋಡಿದವರಿಗೆ ಸ್ವಿಚ್ಚಿನೊಳಗೆ ಎಲ್ಲ ಬೆರೆತುಹೋಗಿದೆ ಅನ್ನಿಸುತ್ತದೆ. ಸ್ವಿಚ್ಚು ಬದಲಿಸಿದರೂ ಹಾಗೇ ಇರುತ್ತದೆ. ನಮ್ಮ ಎಲೆಕ್ಟ್ರಿಷಿಯನ್ ಟೆಸ್ಟ್ ಲ್ಯಾಂಪಿನ ತುದಿಯನ್ನು ಮೈಗೆ ಮುಟ್ಟಿಸಿ ನೋಡಿ “ಅರ್ಥ್ ಇಲ್ಲಮ್ಮಾ” ಎಂದಾಗ, ಭಾಷಾಶಾಸ್ತ್ರ ಓದಿದವಳ ಕಿವಿಗೆ ಅದು ಬೇರೆಯೇ ಕೇಳಿಸಿತು. ನಿಜಕ್ಕೂ ಅರ್ಥವಿಲ್ಲದ ಸನ್ನೆಗಳನ್ನೇ ಆ ಕಾರು ಮಾಡುತ್ತಿತ್ತು.

ಲೂಕಾಸ್ ಕಂಪನಿಯ ಮೇಲೆ ಇಂಗ್ಲಿಷ್ ಜಗತ್ತಿನಲ್ಲೊಂದು ಹಳೆಯ ಗೇಲಿ ಇದೆ: ಜೋಸೆಫ್ ಲೂಕಾಸ್ ಕತ್ತಲೆಯ ರಾಜಕುಮಾರ ಎಂದು. ಸೈಕಲ್ ದೀಪಕ್ಕೆ ‘ರಸ್ತೆಯ ರಾಜ’ ಎಂದು ಹೆಸರಿಟ್ಟು ಮಾರಿದ ಕಂಪನಿಗೆ ಅಂಟಿದ ಹೆಸರಿದು. ಗೇಲಿ ಚೆನ್ನಾಗಿದೆ, ಆದರೆ ನನಗೆ ಅದು ನ್ಯಾಯ ಅನ್ನಿಸುವುದಿಲ್ಲ. ಕತ್ತಲೆಯ ಪಾಲು ದೊಡ್ಡದು ತುಕ್ಕಿನದು, ಮತ್ತೆ ಹಿಂದೆ ಕೈ ಹಾಕಿದವರದು.

ಹಾರ್ನಿನ ವಿಷಯವಂತೂ ಪತ್ತೇದಾರಿ ಕಥೆ. ಹೆರಾಲ್ಡಿನಲ್ಲಿ ಹಾರ್ನಿಗೆ ಕರೆಂಟು ಸದಾ ಹೋಗಿ ಕಾದಿರುತ್ತದೆ. ಚಕ್ರದ ಮಧ್ಯದ ಗುಂಡಿ ಒತ್ತಿದಾಗ ಆಗುವುದು ಅರ್ಥ್ ಕೊಡುವ ಕೆಲಸ ಮಾತ್ರ. ಆ ಅರ್ಥ್ ಎಲ್ಲಿಂದ ಬರಬೇಕು? ಚಕ್ರದಿಂದ ಸ್ಟಿಯರಿಂಗ್ ದಂಡಕ್ಕೆ, ದಂಡದಿಂದ ಕೆಳಗಿನ ಸ್ಟಿಯರಿಂಗ್ ರ‍್ಯಾಕಿಗೆ, ಅಲ್ಲಿಂದ ಚಾಸಿಗೆ. ಆದರೆ ದಂಡಕ್ಕೂ ರ‍್ಯಾಕಿಗೂ ನಡುವೆ, ರಸ್ತೆಯ ಅದುರು ಕೈಗೆ ಬರದಿರಲೆಂದು, ರಬ್ಬರಿನ ಜೋಡಣೆ ಇದೆ. ರಬ್ಬರು ಕರೆಂಟು ಬಿಡುವುದಿಲ್ಲ. ಅದಕ್ಕಾಗಿ ಆ ರಬ್ಬರಿನ ಮೇಲೆ ಹಾಯ್ದು ಹೋಗುವ ಗೇಣಿಗಿಂತ ಸಣ್ಣ ಅರ್ಥ್ ವೈರೊಂದನ್ನು ಕಾರ್ಖಾನೆಯಲ್ಲಿ ಹಾಕಿರುತ್ತಾರೆ. ಯಾವುದೋ ರಿಪೇರಿಯಲ್ಲಿ ರಬ್ಬರು ಬದಲಿಸಿದವರು ಆ ವೈರನ್ನು ಮರಳಿ ಹಾಕುವುದನ್ನು ಮರೆತರೆ ಹಾರ್ನು ಮೌನ. ಮಾಲೀಕರು ಹಾರ್ನು ಬದಲಿಸುತ್ತಾರೆ, ಗುಂಡಿ ಬದಲಿಸುತ್ತಾರೆ, ಡ್ಯಾಶಿನ ಮೇಲೊಂದು ಪುಶ್ ಬಟನ್ ಹಾಕಿಸಿ ಕೈ ತೊಳೆದುಕೊಳ್ಳುತ್ತಾರೆ. ಕಾಯಿಲೆ ಇದ್ದದ್ದು ಗುಂಡಿಯಿಂದ ಒಂದು ಮೀಟರು ಕೆಳಗೆ. ಮೇಷ್ಟರ ಕಾರಿನಲ್ಲೂ ಇಂಥದೊಂದು ಬಟನ್ ಇತ್ತು, ಯಾವ ಕಾಲದ್ದೋ. ಎಲೆಕ್ಟ್ರಿಷಿಯನ್ ಕಾರಿನ ಕೆಳಗೆ ತೂರಿ ರಬ್ಬರನ್ನು ಬೆರಳಿನಲ್ಲಿ ಸವರಿ, ಒಂದು ತುಂಡು ವೈರು ಕೇಳಿದರು. ಆಮೇಲೆ ಬೀದಿಯ ನಾಯಿಗಳೆಲ್ಲ ಎದ್ದವು.

ಕಡ್ಡಿ ತಾನಾಗಿ ಮರಳದಿದ್ದರೆ ಅದೂ ಬಹಳ ಸಲ ಸ್ವಿಚ್ಚಿನ ತಪ್ಪಲ್ಲ. ಚಕ್ರಗಳು ನೇರವಿಲ್ಲದಾಗ ಸ್ಟಿಯರಿಂಗ್ ಕೂಡಿಸಿದರೆ ಗೂಟ ಓರೆಯಾಗಿ ನಿಂತು, ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾಗಿ ತಾಗುತ್ತದೆ. ತಿರುಗಿಸಿದಾಗಲೆಲ್ಲ ಫ್ಯೂಸು ಹಾರಿದರೆ, ಕಾಲಮ್ಮಿನ ಬಿಗಿಪಟ್ಟಿಯ ಕೆಳಗೆ ವೈರಿನ ಸಿಪ್ಪೆ ಸುಲಿದಿದೆಯೇ ನೋಡಬೇಕು.

ಇಷ್ಟೆಲ್ಲ ಆದ ಮೇಲೂ ತಪ್ಪು ಸ್ವಿಚ್ಚಿನದೇ ಎಂದಾದರೆ, ಆಗ ಬೆವರು. ಹೆರಾಲ್ಡಿನ ವಂಶ 1972ರಲ್ಲಿ ಗೆಜೆಲ್ ಆಗಿ, ಪೂರ್ತಿ ದೇಶಿ ಭಾಗಗಳ ಕಾರೆನಿಸಿಕೊಂಡು, 1977ಕ್ಕೆ ನಿಂತಿತು. 1985ರಲ್ಲಿ ರೋವರ್ ಮಾದರಿಯ ಸ್ಟ್ಯಾಂಡರ್ಡ್ 2000 ಬಂತು. ಅದೂ ಮೂರು ವರ್ಷ ಬಾಳಲಿಲ್ಲ ಎನ್ನಬೇಕು. ಕಾರ್ಖಾನೆಯಿದ್ದ ಕಡೆ ಈಗ ಐಟಿ ಕಚೇರಿಗಳ ಗಾಜಿನ ಕಟ್ಟಡಗಳು. ಅಂಬಾಸಡರ್ 2014ರವರೆಗೆ ತಯಾರಾದ್ದರಿಂದ ಅದರ ಸ್ವಿಚ್ಚುಗಳು ಇನ್ನೂ ಸಿಗುತ್ತವೆ. ಹೆರಾಲ್ಡಿನದು ಬೇಕೆಂದರೆ ಜನರಲ್ ಪ್ಯಾಟರ್ಸ್ ರಸ್ತೆಯ ಅಂಗಡಿಗಳಲ್ಲಿ ತಲೆಯಾಡಿಸಿ ಪುದುಪೇಟೆಗೆ ಕಳಿಸುತ್ತಾರೆ. ಪುದುಪೇಟೆ ಎಂದರೆ ನಮ್ಮ ಮಾತಿನಲ್ಲಿ ಹೊಸಪೇಟೆ. ಹೆಸರು ಹೊಸಪೇಟೆ, ಮಾರುವುದೆಲ್ಲ ಹಳೆಯದು. ಬೆಂಗಳೂರಿನವರು ಶಿವಾಜಿನಗರದ ಗುಜರಿ ಬೀದಿಗಳನ್ನು ಕಲ್ಪಿಸಿಕೊಂಡು ಅದನ್ನು ನಾಲ್ಕು ಪಟ್ಟು ಮಾಡಿಕೊಳ್ಳಬಹುದು. ಬಾಗಿಲುಗಳ ಬೆಟ್ಟ, ಬಂಪರುಗಳ ಕಾಡು. ಅಲ್ಲಿ ಸ್ವಿಚ್ಚು ಸಿಕ್ಕಿದರೂ ಅದು ಇನ್ನೊಂದು ಸತ್ತ ಕಾರಿನ ಕಾಲಮ್ಮಿನಿಂದ ಬಂದದ್ದು, ಅಷ್ಟೇ ವಯಸ್ಸಿನದು.

‘ಸ್ವಿಚ್ಚು ಕೊನೆಗೆ’ ಎಂಬ ಮಾತಿನ ಮೂಲ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಸಾಮಾನು ಧಾರಾಳವಾಗಿ ಸಿಗುವಲ್ಲಿ ಮೊದಲು ಬದಲಿಸಿ ಆಮೇಲೆ ಯೋಚಿಸಬಹುದು, ಬದಲಿಸಿದ್ದೇ ಪರೀಕ್ಷೆ. ಸಾಮಾನು ಸಿಗದ ಊರಿನಲ್ಲಿ ಯೋಚನೆ ಮೊದಲು ಬರಬೇಕಾಯಿತು. ಪರವಾನಗಿ ಕಾಲದ ಕೊರತೆಯನ್ನು ಕೊಂಡಾಡಲು ನನಗೆ ಮನಸ್ಸಿಲ್ಲ. ಕಾರಿಗೆ ವರ್ಷಗಟ್ಟಲೆ ಕಾದವರ ಕಥೆಗಳನ್ನು ಕೇಳಿ ಬೆಳೆದವಳು ನಾನು. ಆದರೆ ಆ ಕೊರತೆ ಒಂದು ಬಗೆಯ ಓದನ್ನು ಕಲಿಸಿತು ಎಂಬುದು ನಿಜ. ರಿವೆಟ್ಟನ್ನು ಮೆಲ್ಲಗೆ ಡ್ರಿಲ್ ಮಾಡಿ ತೆಗೆದು, ಕಪ್ಪಾದ ಹಿತ್ತಾಳೆಯನ್ನು ಬೆಳಗಿಸಿ, ಸುಸ್ತಾದ ಸ್ಪ್ರಿಂಗನ್ನು ಬಗ್ಗಿಸಿ, ರಿವೆಟ್ಟಿನ ಜಾಗಕ್ಕೆ ಕನ್ನಡಕದ ಸ್ಕ್ರೂನಷ್ಟು ಸಣ್ಣ ಸ್ಕ್ರೂ ಹಾಕುವವರು ಇನ್ನೂ ಕೆಲವರಿದ್ದಾರೆ. ಬಿಸಿಲಿಗೆ ಪೆಡಸಾಗಿ ಮುರಿದ ಕಡ್ಡಿಯ ಒಳಗೆ ಸೈಕಲ್ ಕಡ್ಡಿ ತೂರಿಸಿ ಅರಾಲ್ಡೈಟ್ ಹಾಕಿದ್ದನ್ನೂ ನೋಡಿದ್ದೇನೆ. ಇನ್ನು ಕೆಲವು ಕಾರುಗಳಲ್ಲಿ ಕಡ್ಡಿ ಶೋಭೆಗೆ ಮಾತ್ರ; ಡ್ಯಾಶಿನ ಕೆಳಗೊಂದು ಸಾದಾ ಟಾಗಲ್ ಸ್ವಿಚ್ಚು. ಅದು ತಾನಾಗಿ ಮರಳುವುದಿಲ್ಲ. ಹಾಕಿದವರು ಮರೆತರೆ ಮೈಲಾಪುರದಿಂದ ಅಡಯಾರಿನವರೆಗೂ ಬಲಕ್ಕೆ ತಿರುಗುತ್ತಲೇ ಇರುತ್ತಾರೆ.

ಈಗ ಆ ಐದನೆಯ ಮಾತು. ‘ನೀವು ಮುಂದೆ ಹೋಗಿ’ ಎಂಬುದಕ್ಕೆ ಕಡ್ಡಿಯಲ್ಲಿ ಜಾಗವಿರಲಿಲ್ಲ. ಆದರೆ ಒಂಟಿ ರಸ್ತೆಯ ಹೆದ್ದಾರಿಗಳಲ್ಲಿ ಆ ಮಾತಿಲ್ಲದೆ ನಡೆಯುವುದಿಲ್ಲ. ಲಾರಿ ಡ್ರೈವರುಗಳು ಅದನ್ನು ಬಲಗಡೆಯ ದೀಪದ ಮೇಲೆ ಹೇರಿದರು: ಬಲ ಇಂಡಿಕೇಟರು ಮಿನುಗಿದರೆ ‘ಎದುರು ಯಾರೂ ಇಲ್ಲ, ಹೋಗು’. ಅದೇ ದೀಪಕ್ಕೆ ‘ನಾನು ಬಲಕ್ಕೆ ತಿರುಗುತ್ತಿದ್ದೇನೆ’ ಎಂಬ ಹಳೆಯ ಅರ್ಥವೂ ಉಂಟು. ಒಂದೇ ಪದ, ಎದುರುಬದುರು ಎರಡು ಅರ್ಥ. ತಪ್ಪಾಗಿ ಓದಿದರೆ ಜೀವ ಹೋಗುತ್ತದೆ. ಭಾಷೆಯೊಂದರಿಂದ ಬೇಕಾದ ಪದ ಕಿತ್ತುಕೊಂಡರೆ ಆಡುವವರು ಪಕ್ಕದ ಪದಕ್ಕೆ ಆ ಕೆಲಸ ಹೊರಿಸುತ್ತಾರೆ, ಇದೇನೂ ಹೊಸದಲ್ಲ. ನಾಲ್ಕೂ ದೀಪ ಒಟ್ಟಿಗೆ ಮಿನುಗಿಸುವ ಹಜಾರ್ಡ್ ಸ್ವಿಚ್ಚು ಬಂದಾಗಲೂ ಹೀಗೇ ಆಯಿತು. ಅದು ‘ಕೆಟ್ಟು ನಿಂತಿದ್ದೇನೆ’ ಎನ್ನಲು ಬಂದದ್ದು. ನಮ್ಮ ಕೂಡುರಸ್ತೆಗಳಲ್ಲಿ ‘ನೇರ ಹೋಗುತ್ತೇನೆ’ ಎಂದಾಯಿತು. ಕೈಸನ್ನೆಯ ಐದರಲ್ಲೂ ಇಲ್ಲದ ಮಾತು ಅದು. ಸುಮ್ಮನಿದ್ದರೇ ನೇರ ಎಂದು ಅರ್ಥವಾಗುತ್ತಿದ್ದ ಕಾಲ ಮುಗಿದಿರಬೇಕು.

ಕಡ್ಡಿ ಯಾವ ಕೈಗೆ ಎಂಬುದೂ ಇನ್ನೂ ತೀರ್ಮಾನವಾಗಿಲ್ಲ. ಬಲಗಡೆ ಕೂತು ಓಡಿಸುವವರಿಗೆ ಎಡಗೈ ಗೇರಿಗೆ ಮೀಸಲು, ಹಾಗಾಗಿ ಬಲಗೈಗೆ ಇಂಡಿಕೇಟರು: ಮಾರುತಿ, ಹ್ಯುಂಡೈಗಳ ಕ್ರಮ ಇದು. ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ಯುರೋಪಿನ ಕ್ರಮವೇ ಉಳಿದು ಕಡ್ಡಿ ಎಡಕ್ಕಿದೆ. ಒಂದನ್ನು ಬಿಟ್ಟು ಇನ್ನೊಂದು ಹತ್ತಿದವರು ಮೊದಲ ವಾರ ಬಿರುಬಿಸಿಲಿನಲ್ಲಿ ವೈಪರು ಹಾಕಿಕೊಂಡು ತಿರುಗುತ್ತಾರೆ.

ಹೊಸ ಕಾರುಗಳ ಅನೇಕ ಕಡ್ಡಿಗಳಲ್ಲಿ ದೀಪದ ಕರೆಂಟು ಹರಿಯುವುದೇ ಇಲ್ಲ. ಕಡ್ಡಿ ಒಂದು ಸಂದೇಶ ಕಳಿಸುತ್ತದೆ, ಎಲ್ಲೋ ಕೂತ ಕಂಪ್ಯೂಟರು ದೀಪ ಹೊತ್ತಿಸುತ್ತದೆ. ಟೆಸ್ಟ್ ಲ್ಯಾಂಪಿಗೆ ಅಲ್ಲಿ ಕೆಲಸವಿಲ್ಲ. ಬಿಸಿಯಾಗುವ ತಂತಿ ಇಲ್ಲವಾದ್ದರಿಂದ ಸದ್ದೂ ಇಲ್ಲ; ಎಷ್ಟೋ ಕಾರುಗಳಲ್ಲಿ ಆ ಟಿಕ್ ಟಿಕ್ ಅನ್ನು ಸ್ಪೀಕರಿನಿಂದ ನುಡಿಸುತ್ತಾರೆ. ನಮ್ಮ ಎಲೆಕ್ಟ್ರಿಷಿಯನ್ನಿಗೆ ಇದನ್ನು ಹೇಳಿದೆ. ಅವರು ಮೇಷ್ಟರ ಹೆರಾಲ್ಡಿನ ಬಾನೆಟ್ಟು ಮುಚ್ಚುತ್ತಿದ್ದರು. “ಹಂಗಾದ್ರೆ ಬಲ್ಬು ಹೋದ್ರೆ ಲಯ ತಪ್ಪಲ್ವಾ?” ಎಂದು ಕೇಳಿದರು. ಕಂಪ್ಯೂಟರು ಬೇಕೆಂದೇ ಲಯ ತಪ್ಪಿಸಿ ಬೇಗಬೇಗ ನುಡಿಸುತ್ತದಂತೆ, ಹಳೆಯವರಿಗೆ ಗೊತ್ತಾಗಲಿ ಅಂತ, ಎಂದೆ. ಅದಕ್ಕೆ ಅವರು ತುಂಬ ಹೊತ್ತು ನಕ್ಕರು.